ಜೊತೆಗೆ ಕೂತಿದ್ದವರಿಗೇ ಸೂಪರ್‌ವೈಸರ್ ಆದಾಗ: ಪೀಲಿಂಗ್ ಹಾಲ್‌ನಲ್ಲಿ ತುಂಡು ಜಾಸ್ತಿ, ಟ್ರೇಗೆ ಜಗಳ, ಫೈನ್ ಹಾಕಬಹುದಾ?

ಹೆಬ್ರಿಯವಳು (ಪ್ರಶ್ನೆ)

ಕಾರ್ಕಳ ಕಡೆಯ ಒಂದು ಗೇರುಬೀಜ ಕಾರ್ಖಾನೆಯ ಪೀಲಿಂಗ್ ವಿಭಾಗಕ್ಕೆ ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಮೊದಲು ಇದೇ ಹಾಲ್‌ನಲ್ಲಿ ಬೀಜದ ಮೇಲಿನ ತೆಳು ಸಿಪ್ಪೆ ತೆಗೆಯುವ ಕೆಲಸವೇ ನನ್ನದು. ಈಗ 42 ಹೆಂಗಸರ ಉಸ್ತುವಾರಿ. 30 ಜನ ಊರಿನವರು, ಉಳಿದವರು ಒಡಿಶಾ ಮತ್ತು ಜಾರ್ಖಂಡ್‌ನವರು. ಕೂಲಿ ಕೆಜಿ ಲೆಕ್ಕ. ಇಡಿ ಬೀಜವಾದರೂ ತುಂಡಾದರೂ, ದೊಡ್ಡದಾದರೂ ಸಣ್ಣದಾದರೂ ಒಂದೇ ದರ.

ಮಳೆ ಹಿಡಿದ ಮೇಲೆ ತುಂಡು ಏರಿದೆ. ಮ್ಯಾನೇಜರ್ ದಿನಾ ನನ್ನನ್ನು ಕೇಳುತ್ತಾರೆ, ನಾನು ಹೋಗಿ ಇವರನ್ನು ಕೇಳಬೇಕು. ಹಿರಿಯ ಅಕ್ಕ ಒಬ್ಬರಿದ್ದಾರೆ, ಕೈ ಬಹಳ ಚುರುಕು. ಅವರ ಸುತ್ತ ನಾಲ್ಕೈದು ಜನ. ನಾನು ಟ್ರೇ ಇಟ್ಟರೆ "ಇದು ಬೇಡ, ಆಚೆದು ಕೊಡು" ಅಂತ ಎಲ್ಲರೆದುರೇ ಹೇಳುತ್ತಾರೆ. ಕೊಟ್ಟರೆ ಹಿಂದಿ ಮಾತಾಡುವವರ ಮುಖ ಸಣ್ಣದಾಗುತ್ತದೆ, ಕೊಡದಿದ್ದರೆ ಇಡೀ ದಿನ ಮಾತಿಲ್ಲ. ಮ್ಯಾನೇಜರ್ ಹೇಳುವುದು ಇಷ್ಟೇ: "ಸ್ವರ ಏರಿಸು, ತುಂಡು ಮಾಡಿದವರಿಗೆ ಫೈನ್ ಹಾಕು." ಹಾಗೆ ಹಾಕಬಹುದಾ? ಹಾಕದೆ ಇದನ್ನು ಹತೋಟಿಗೆ ತರುವುದು ಹೇಗೆ? ತಿಳಿದವರು ಹೇಳಿ.

ಬೋರ್ಮಾ_ಬಾಗಿಲು

ಫೈನ್ ಮಾತು ಆಮೇಲೆ. ಮೊದಲು ತುಂಡು ಎಲ್ಲಿ ಆಗುತ್ತಾ ಉಂಟು ಎಂದು ನೋಡಿ. ಪೀಲಿಂಗ್ ಮೇಜಿಗೆ ಬರುವ ಮೊದಲೇ ಬೀಜ ಮೂರ್ನಾಲ್ಕು ಕಡೆ ಒಡೆದಿರಬಹುದು. ಉಗಿಯಲ್ಲಿ ಬೇಯಿಸಿದ ಬೀಜ ಸರಿಯಾಗಿ ಆರುವ ಮೊದಲೇ ಕಟಿಂಗ್‌ಗೆ, ಅಂದರೆ ಹೊರಗಿನ ಗಟ್ಟಿ ಚಿಪ್ಪು ಕತ್ತರಿಸಲು, ಹೋದರೆ ಒಡೆಯುತ್ತದೆ. ಬೀಜದ ಸೈಜಿಗೆ ಬ್ಲೇಡಿನ ಗ್ಯಾಪ್ ಹೊಂದದಿದ್ದರೆ ಒಡೆಯುತ್ತದೆ. ಬೋರ್ಮಾದಲ್ಲಿ (ಬೀಜ ಒಣಗಿಸುವ ಬಿಸಿ ಕೋಣೆ) ಅತಿಯಾಗಿ ಒಣಗಿದರೆ, ಟ್ರೇಯನ್ನು ಎತ್ತರದಿಂದ ಸುರಿದರೆ ಒಡೆಯುತ್ತದೆ. ಇವೆಲ್ಲ ಕೊನೆಗೆ ತೂಗುವ ಜಾಗದಲ್ಲಿ ಪೀಲಿಂಗ್‌ನವರ ಲೆಕ್ಕಕ್ಕೆ ಬೀಳುತ್ತವೆ. ತನ್ನದಲ್ಲದ ತಪ್ಪಿಗೆ ಬೈಸಿಕೊಂಡವಳು ಮರುದಿನ ನಿಮ್ಮ ಮಾತು ಕೇಳುವುದಿಲ್ಲ, ಅದು ಸಹಜ.

ಹೀಗೆ ಮಾಡಿ. ಪ್ರತಿ ಲಾಟ್ (ಒಟ್ಟಿಗೆ ಬೇಯಿಸಿ ಒಣಗಿಸಿದ ಬೀಜ) ಹಾಲ್‌ಗೆ ಬಂದ ಕೂಡಲೇ ಮೇಲಿನ, ನಡುವಿನ, ಕೆಳಗಿನ ಟ್ರೇಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು 1 ಕೆಜಿ ಮಾಡಿ. ಸಿಪ್ಪೆ ತೆಗೆಯುವ ಮೊದಲೇ ಅದರಲ್ಲಿ ಒಡೆದದ್ದನ್ನು, ಹೋಳಾದದ್ದನ್ನು ಬೇರೆ ಮಾಡಿ ತೂಗಿ. ಉದಾಹರಣೆಗೆ 90 ಗ್ರಾಂ ಬಂತೆನ್ನಿ, ಆ ಲಾಟಿನ 9% ತುಂಡು ನಿಮ್ಮ ಹಾಲಿನದ್ದಲ್ಲ. ಪುಸ್ತಕದಲ್ಲಿ ಲಾಟ್ ನಂಬರ್, ಕಟಿಂಗ್ ಲೈನ್, ಬೋರ್ಮಾ ಯಾವುದು, ಎಷ್ಟು ಗಂಟೆಗೆ ಹೊರಗೆ ಬಂತು ಎಂದು ಬರೆಯಿರಿ. ಪೀಲಿಂಗ್ ಮುಗಿದ ಮೇಲೆ ಅದೇ ಲಾಟಿನ ತುಂಡು ಶೇಕಡಾ ಎಷ್ಟು ಎಂದು ನೋಡಿ, ಮೊದಲಿನ ಶೇಕಡಾ ಕಳೆಯಿರಿ. ಕೆಜಿಯಲ್ಲಿ ಕಳೆಯಬೇಡಿ, ಸಿಪ್ಪೆಯ ತೂಕ ಹೋಗಿರುವ ಕಾರಣ ಲೆಕ್ಕ ತಪ್ಪುತ್ತದೆ. ಒಂದು ವಾರ ಮಾಡಿದರೆ ಸಾಕು, ಮ್ಯಾನೇಜರ್ ಎದುರು ಇಡಲು ನಿಮ್ಮ ಕೈಯಲ್ಲಿ ಒಂದು ಪುಟ ಇರುತ್ತದೆ.

ಮಳೆಗಾಲಕ್ಕೆ ವಿಶೇಷವಾಗಿ ನೋಡಬೇಕಾದದ್ದು ಒಣಗುವಿಕೆ. ಸಾಮಾನ್ಯವಾಗಿ ಬೋರ್ಮಾದಲ್ಲಿ 65ರಿಂದ 75 ಡಿಗ್ರಿ ಸೆಲ್ಸಿಯಸ್, 6ರಿಂದ 8 ಗಂಟೆ. ನಡುವೆ ಟ್ರೇಗಳನ್ನು ಮೇಲೆ ಕೆಳಗೆ ಬದಲಿಸಲೇಬೇಕು, ಇಲ್ಲದಿದ್ದರೆ ಒಂದೇ ಲಾಟಿನಲ್ಲಿ ಅರ್ಧ ಹಸಿ, ಅರ್ಧ ಕರಕು. ತೇವ ಸಾಕಷ್ಟು ಹೋಗದಿದ್ದರೆ ಸಿಪ್ಪೆ ಬಿಡುವುದಿಲ್ಲ. ಆಗ ಕತ್ತಿಯ ತುದಿಯಿಂದ ಕೆರೆಯುತ್ತಾರೆ, ಬೀಜದ ಮೈ ಗೀರುತ್ತದೆ, ಗ್ರೇಡ್ ಇಳಿಯುತ್ತದೆ. ತೇವ ಅತಿಯಾಗಿ ಹೋಗಿದ್ದರೆ ಬೆರಳು ಒತ್ತಿದಲ್ಲಿಗೇ ಎರಡು ಹೋಳು. ಪರೀಕ್ಷೆ ಸುಲಭ: ಪೂರ್ತಿ ತಣಿದ ಬೀಜವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು ತಿಕ್ಕಿ. ಸಿಪ್ಪೆ ಹುಡಿಯಾಗಿ ಉದುರಬೇಕು, ಬೀಜ ಹಾಗೇ ಉಳಿಯಬೇಕು. ಬಿಸಿ ಇರುವಾಗ ತಿಕ್ಕಿ ನೋಡಿ ತೀರ್ಮಾನ ಮಾಡಬೇಡಿ.

ಇನ್ನೊಂದು, ನಮ್ಮ ಕರಾವಳಿಯ ಜೂನ್-ಜುಲೈ ಗಾಳಿಯಲ್ಲಿ ಒಣಗಿಸಿದ ಬೀಜವನ್ನು ರಾತ್ರಿ ತೆರೆದಿಟ್ಟರೆ ಬೆಳಿಗ್ಗೆಗೆ ಪುನಃ ತೇವ ಹೀರಿಕೊಂಡು ಸಿಪ್ಪೆ ಅಂಟಿಕೊಂಡಿರುತ್ತದೆ. ಮುಚ್ಚಿ ಇಡಿ. ಹಾಲಿಗೆ ಒಂದೆರಡು ಗಂಟೆಯ ಕೆಲಸಕ್ಕೆ ಬೇಕಾದಷ್ಟೇ ತನ್ನಿ. ಇಡೀ ದಿನದ್ದನ್ನು ಬೆಳಿಗ್ಗೆ 8ಕ್ಕೇ ತಂದು ಸುರಿದರೆ ಮಧ್ಯಾಹ್ನದ ಮೇಲೆ ಕೈ ನಿಧಾನವಾಗುವುದು ಸೋಮಾರಿತನದಿಂದಲ್ಲ.

ತೂಕದ_ಚೀಟಿ

ಮೇಲೆ ಬರೆದವರ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯ ಗಂಟು ಇರುವುದು "ಇದು ಬೇಡ, ಆಚೆದು ಕೊಡು" ಎಂಬಲ್ಲಿ. ಆ ಅಕ್ಕ ನಿಮ್ಮ ಅಧಿಕಾರವನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಅವರು ನೋಡುತ್ತಿರುವುದು ಟ್ರೇಯಲ್ಲಿರುವ ಬೀಜದ ಸೈಜ್ ಮಾರಾಯ್ರೆ.

ಲೆಕ್ಕ ಹಾಕಿ. ಗ್ರೇಡಿನ ನಂಬರ್ ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಬೀಜ ಎಂದು. 210 ಎಂದರೆ ಪೌಂಡಿಗೆ 200ರಿಂದ 210, ಕೆಜಿಗೆ ಸುಮಾರು 440ರಿಂದ 465 ಬೀಜ. 320 ಎಂದರೆ ಕೆಜಿಗೆ 660ರಿಂದ 705. 450 ಆದರೆ ಕೆಜಿಗೆ 880ರಿಂದ 990. ನಿಮ್ಮಲ್ಲಿ ದರ ಒಂದೇ. ಅಂದರೆ 450ರ ಟ್ರೇ ಸಿಕ್ಕಿದವಳು ಅದೇ ದುಡ್ಡಿಗೆ 210 ಸಿಕ್ಕಿದವಳ ಎರಡರಷ್ಟು ಬೀಜ ಬಿಡಿಸಬೇಕು. ಹಸಿ ಬೀಜವನ್ನು ಸೈಜ್ ಮಾಡಿಯೇ ಬೇಯಿಸುವುದರಿಂದ ಲಾಟ್‌ಗಳು ಸೈಜ್ ಪ್ರಕಾರವೇ ಬರುತ್ತವೆ, ಕಣ್ಣಿಗೆ ಕಾಣುತ್ತದೆ. ಹೀಗಿರುವಾಗ ಟ್ರೇ ಹಂಚುವವಳ ಕೈಯಲ್ಲಿ ಎಲ್ಲರ ಆ ದಿನದ ಕೂಲಿ ಇರುತ್ತದೆ. ನೀವು ಎಷ್ಟು ಪ್ರಾಮಾಣಿಕರಾದರೂ "ಅವಳಿಗೆ ದೊಡ್ಡದು ಕೊಟ್ಟಳು" ಎಂಬ ಮಾತು ಹುಟ್ಟಿಯೇ ಹುಟ್ಟುತ್ತದೆ. ಆ ಅಧಿಕಾರವನ್ನು ನಿಮ್ಮ ಕೈಯಿಂದ ತೆಗೆದುಬಿಡಿ.

ಬೆಳಿಗ್ಗೆ ಚೀಟಿ ಎತ್ತುವ ಕ್ರಮ ತನ್ನಿ. 42 ಜಾಗಕ್ಕೆ 42 ನಂಬರ್, ಡಬ್ಬದಲ್ಲಿ ಹಾಕಿ, ಅವರೇ ಎತ್ತಲಿ. ನಂಬರಿನ ಸಾಲಿನಂತೆ ಟ್ರೇ ಹೋಗಲಿ. ಎರಡನೇ ಸುತ್ತು ಉಲ್ಟಾ, 42ರಿಂದ 1ಕ್ಕೆ. ಬಂದ ಟ್ರೇ ಬದಲಿಸಲಿಕ್ಕಿಲ್ಲ, ಯಾರಿಗೂ ಇಲ್ಲ.

ತೂಕದ ವಿಷಯದಲ್ಲೂ ಹಾಗೆಯೇ. ತಕ್ಕಡಿಯ ಡಿಸ್‌ಪ್ಲೇ ನಿಮ್ಮ ಕಡೆ ಅಲ್ಲ, ಬೀಜ ತಂದವಳ ಕಡೆ ತಿರುಗಿರಲಿ. ಬೆಳಿಗ್ಗೆ ಎಲ್ಲರೆದುರು 5 ಕೆಜಿಯ ತೂಕದ ಬಟ್ಟು ಇಟ್ಟು ತೋರಿಸಿ. ಕಾನೂನು ಮಾಪನ ಇಲಾಖೆಯ ಮುದ್ರೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಆಗಬೇಕು, ಅವಧಿ ಮುಗಿದಿದ್ದರೆ ಮಾಡಿಸಲು ಹೇಳಿ. ಪಾತ್ರೆಯ ತೂಕ ಕಳೆಯುವುದು ಕಣ್ಣಿಗೆ ಕಾಣಬೇಕು. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಬೀಜ. ಪ್ರತಿ ತೂಕಕ್ಕೆ ಎರಡು ಚೀಟಿ, ಒಂದು ಅವರ ಕೈಗೆ. ವಾರದ ಕೊನೆಗೆ ಚೀಟಿ ಮತ್ತು ಕೂಲಿ ತಾಳೆಯಾಗದಿದ್ದರೆ ಅವತ್ತೇ ಸರಿಮಾಡಿ. ಹೆಚ್ಚಿನವರ ಮನೆಯಲ್ಲಿ ಸ್ವಸಹಾಯ ಸಂಘದ ಸಾಲದ ಕಂತು ವಾರದ ದಿನಕ್ಕೆ ಕಟ್ಟಿಹಾಕಿರುತ್ತದೆ. 60 ರೂಪಾಯಿ ಕಡಿಮೆಯಾದರೂ ಅವರಿಗೆ ಅದು ಸಣ್ಣ ವಿಷಯ ಅಲ್ಲ.

ಪಡುಬಿದ್ರಿ_ಪಿಎಂ

ಚೀಟಿ ಎತ್ತುವುದಕ್ಕೆ ನನ್ನದೊಂದು ತಕರಾರು. ಜಗಳ ನಿಲ್ಲುತ್ತದೆ, ಹೌದು. ಅನ್ಯಾಯ ನಿಲ್ಲುವುದಿಲ್ಲ, ದಿನಾ ಬೇರೆಯವರ ಮೇಲೆ ಬೀಳುತ್ತದೆ ಅಷ್ಟೆ. ಹೊಸಬಳಿಗೆ ಎರಡು ದಿನ ಸತತ 450 ಬಂದರೆ ಮೂರನೇ ದಿನ ಅವಳು ಬರುವುದಿಲ್ಲ. ಮನೆಯಲ್ಲಿ ಬೀಡಿ ಕಟ್ಟುವ ಕೆಲಸ ಉಂಟಲ್ಲ, ಬಸ್ಸಿನ ದುಡ್ಡೂ ಉಳಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬೀಜದ ಕಾರ್ಖಾನೆಗೆ ನಿಜವಾದ ಪೈಪೋಟಿ ಪಕ್ಕದ ಕಾರ್ಖಾನೆಯಲ್ಲ, ಬೀಡಿ.

ಆದ್ದರಿಂದ ಸೈಜಿಗೆ ತಕ್ಕ ದರ ಕೇಳಿ. ಮ್ಯಾನೇಜರಿಗೆ ಬಾಯಿಮಾತಲ್ಲಿ ಹೇಳಿದರೆ ಆಗುವುದಿಲ್ಲ, ಲೆಕ್ಕ ಬೇಕು. ಕೈ ಚುರುಕಿನವರೂ ಬೇಡ, ತೀರ ಹೊಸಬರೂ ಬೇಡ, ನಡುವಿನ ಮೂವರನ್ನು ಆರಿಸಿ. ಅವರಿಗೆ ಒಂದು ಗಂಟೆ 320, ಒಂದು ಗಂಟೆ 450 ಕೊಟ್ಟು ತೂಗಿ. ಬೆಳಿಗ್ಗೆಯೇ ಮಾಡಿ, ಊಟದ ನಂತರದ ಗಂಟೆ ಹೋಲಿಕೆಗೆ ಬರುವುದಿಲ್ಲ. ಬೀಜದ ಸಂಖ್ಯೆ ಮಾತ್ರ ನೋಡಿದರೆ 450ಕ್ಕೆ 320ರ ದರದ ಸುಮಾರು 1.37 ಪಟ್ಟು ಬರಬೇಕು, ನಿಜವಾದ ತೂಕದಲ್ಲಿ ಎಷ್ಟು ಬರುತ್ತದೋ ಅದನ್ನೇ ಹಿಡಿಯಿರಿ. 210ರ ದರ ಇಳಿಸಲು ಮಾತ್ರ ಹೋಗಬೇಡಿ. ಈಗ ಸಿಗುವುದನ್ನು ಕಡಿಮೆ ಮಾಡಿ "ಸಮಾನತೆ" ಎಂದರೆ ಹಾಲ್ ಖಾಲಿಯಾಗುತ್ತದೆ. ಸಣ್ಣದರ ದರ ಏರಿಸಬೇಕು.

ಜೊತೆಗೆ ಇಡಿ ಬೀಜಕ್ಕೆ ಮತ್ತು ತುಂಡಿಗೆ ಬೇರೆ ದರ. ಈಗ ನಿಮ್ಮಲ್ಲಿ ಒಡೆದರೂ ಅದೇ ದುಡ್ಡು, ಹಾಗಾಗಿ ಅವಸರ ಮಾಡುವವಳಿಗೆ ಲಾಭ, ಜೋಪಾನ ಮಾಡುವವಳಿಗೆ ನಷ್ಟ. ಈಗಿನ ದರವನ್ನು ತುಂಡಿಗೆ ಉಳಿಸಿ, ಇಡಿ ಬೀಜಕ್ಕೆ ಮೇಲೆ ಸ್ವಲ್ಪ ಕೊಡಿ. ಇಡಿ ಬೀಜಕ್ಕೂ ತುಂಡಿಗೂ ಮಾರುಕಟ್ಟೆಯಲ್ಲಿ ಇರುವ ಬೆಲೆಯ ಅಂತರದಲ್ಲಿ ಈ ಹೆಚ್ಚಿನ ದರ ಸುಲಭವಾಗಿ ಹುಟ್ಟುತ್ತದೆ. ಆದರೆ ಇದನ್ನು ಜಾರಿಗೆ ತರುವುದು ಬೋರ್ಮಾ ಸರಿಯಾದ ಮೇಲೆ. ಬೋರ್ಮಾದ ತಪ್ಪಿಗೆ ಪೀಲಿಂಗ್‌ನವರ ದುಡ್ಡು ಹೋಗುವಂತಾದರೆ ಮೊದಲಿಗಿಂತ ಕಡೆ.

ಕುಡ್ಲ_ಎಚ್‌ಆರ್

ಫೈನ್ ಬಗ್ಗೆ. ಮ್ಯಾನೇಜರ್ ಬಾಯಿಗೆ ಬಂದಷ್ಟು ಫೈನ್ ಹಾಕಲು ಕಾನೂನಿನಲ್ಲಿ ಜಾಗ ಇಲ್ಲ. ಯಾವ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರಕಾರದ ಸಂಬಂಧಪಟ್ಟ ಅಧಿಕಾರಿಯ ಒಪ್ಪಿಗೆ ಪಡೆದು, ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಕೆಲಸದವಳಿಗೆ ಕಾರಣ ಹೇಳಲು ಅವಕಾಶ ಕೊಡಬೇಕು. ಒಂದು ವೇತನ ಅವಧಿಯಲ್ಲಿ ಎಲ್ಲ ದಂಡ ಸೇರಿ ಆ ಅವಧಿಯ ವೇತನದ 3% ದಾಟುವಂತಿಲ್ಲ. ರಿಜಿಸ್ಟರಿನಲ್ಲಿ ಬರೆಯಬೇಕು, ಆ ಹಣ ಕಾರ್ಮಿಕರ ಒಳಿತಿಗೇ ಖರ್ಚಾಗಬೇಕು. ನಷ್ಟಕ್ಕೆ ಕಡಿತ ಮಾಡುವುದಾದರೆ ಅವಳ ನಿರ್ಲಕ್ಷ್ಯದಿಂದಲೇ ನಷ್ಟವಾಯಿತು ಎಂದು ತೋರಿಸಬೇಕು. ಸಿಪ್ಪೆ ತೆಗೆಯುವಾಗ ಸಹಜವಾಗಿ ಆಗುವ ತುಂಡು ಆ ಲೆಕ್ಕಕ್ಕೆ ಬರುವುದಿಲ್ಲ.

ಮ್ಯಾನೇಜರಿಗೆ ಎದುರಾಡಿದಂತೆ ಹೇಳಬೇಡಿ. "ಸರ್, ಫೈನ್ ಹಾಕುವುದಾದರೆ ಪಟ್ಟಿ ಮತ್ತು ರಿಜಿಸ್ಟರ್ ಬೇಕಂತೆ, ಆಫೀಸಿನಲ್ಲಿ ಉಂಟಾ?" ಎಂದು ಕೇಳಿ. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕೆಜಿ ಲೆಕ್ಕದ ಕೂಲಿ ಎಂಬ ಕಾರಣಕ್ಕೆ ಕನಿಷ್ಠ ವೇತನ ತಪ್ಪಿಸಲಾಗದು. ಕರ್ನಾಟಕದಲ್ಲಿ ಗೇರುಬೀಜ ಉದ್ಯಮಕ್ಕೆ ಕನಿಷ್ಠ ವೇತನ ಉಂಟು, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಸಾಧಾರಣ ಕೈಯವಳು 8 ಗಂಟೆ ಕೂತರೆ ಆ ಮೊತ್ತ ಹುಟ್ಟುವಂತೆ ಕೆಜಿ ದರ ಇರಬೇಕು. ಏಪ್ರಿಲ್‌ನಲ್ಲಿ ದರ ಪರಿಶೀಲಿಸಿದ್ದಾರಾ ಎಂದು ನೋಡಿ.

ಸೂಪರ್‌ವೈಸರ್ ಆದವರು ಇನ್ನೊಂದು ವಿಷಯ ತಿಳಿದಿರಬೇಕು, ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ಆರು ತಿಂಗಳ ಎರಡು ಅವಧಿ. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಆಗಿದ್ದರೆ ಮಾತ್ರ ಅದಕ್ಕೆ ಹೊಂದಿದ ಮುಂದಿನ ಅವಧಿಯಲ್ಲಿ ಕಾಯಿಲೆ ರಜೆಗೆ ವೇತನದ 70% ಸಿಗುತ್ತದೆ. ಮಳೆಗಾಲದಲ್ಲಿ ರಜೆ ಜಾಸ್ತಿ ಮಾಡಿ 70, 72ರಲ್ಲಿ ನಿಂತವರಿಗೆ ಇದು ಗೊತ್ತೇ ಇರುವುದಿಲ್ಲ. ಆಗಸ್ಟ್ ಕೊನೆಗೆ ಹಾಜರಿ ಪುಸ್ತಕ ನೋಡಿ, ಕಡಿಮೆ ಇರುವವರನ್ನು ಕರೆದು "ಇನ್ನು ಇಷ್ಟು ದಿನ ಬಂದರೆ ಸಾಕು, ಆಸ್ಪತ್ರೆಗೆ ಸೇರಿದರೂ ದುಡ್ಡು ಬರುತ್ತದೆ" ಎಂದು ಹೇಳಿ. ಸ್ವರ ಏರಿಸುವುದಕ್ಕಿಂತ ಇದರಿಂದ ಹಾಜರಿ ಹೆಚ್ಚು ನೆಟ್ಟಗಾಗುತ್ತದೆ, ಅವರಿಗೂ ಉಪಕಾರ.

ಹೆಬ್ರಿಯವಳು

ಎಲ್ಲರಿಗೂ ತುಂಬಾ ಉಪಕಾರ. ಸೈಜಿನ ಲೆಕ್ಕ ನೋಡಿದ ಮೇಲೆ ಟ್ರೇ ಜಗಳ ಯಾಕೆಂದು ಸ್ಪಷ್ಟವಾಯಿತು. ಎರಡು ವಿಷಯ ಇನ್ನೂ ಕೇಳಬೇಕು. ಚೀಟಿ ಪದ್ಧತಿ ತಂದರೆ ಆ ಹಿರಿಯ ಅಕ್ಕನಿಗೆ ತನ್ನ ವಿರುದ್ಧವೇ ಮಾಡಿದ್ದು ಅನಿಸುತ್ತದೆ. ಅವರಿಗೆ ಹೇಗೆ ಹೇಳುವುದು? ಮತ್ತೆ, ಹಿಂದಿಯವರ ಹತ್ತಿರ ಕಂಟ್ರಾಕ್ಟರ್ ಕಡೆಯ ಹುಡುಗನ ಮೂಲಕ ಮಾತಾಡುತ್ತಿದ್ದೇವೆ. ಅವರು ಎಲ್ಲದಕ್ಕೂ "ಠೀಕ್ ಹೈ" ಅನ್ನುತ್ತಾರೆ, ಕೆಲಸದಲ್ಲಿ ಏನೂ ಬದಲಾಗುವುದಿಲ್ಲ.

ತೂಕದ_ಚೀಟಿ

ಅಕ್ಕನಿಗೆ ಎಲ್ಲರಿಗಿಂತ ಮೊದಲು ಹೇಳಿ, ಒಬ್ಬರಿಗೇ ಹೇಳಿ. ತೂಕದ ಸಾಲಿನಲ್ಲಿ ಬೇಡ, ಬಸ್‌ಸ್ಟಾಪಿನಲ್ಲಿ ಬೇಡ, ಮ್ಯಾನೇಜರ್ ಕ್ಯಾಬಿನ್‌ಗಂತೂ ಕರೆಯಲೇಬೇಡಿ. ಚಹಾ ಹೊತ್ತಿಗೆ ಹತ್ತು ನಿಮಿಷ ಹೊರಗೆ ಕೂತರೆ ಸಾಕು. ಹಳೆಯ ಜಗಳ ಎತ್ತದೆ ನೇರ ವಿಷಯಕ್ಕೆ ಬನ್ನಿ: "ಅಕ್ಕ, ಸೋಮವಾರದಿಂದ ಟ್ರೇ ಚೀಟಿ ಎತ್ತಿ ಹಂಚುವುದು ಅಂತ ಮಾಡಿದ್ದೇನೆ. ಎಲ್ಲರಿಗೂ ಒಂದೇ. ಸಣ್ಣ ಬೀಜಕ್ಕೆ ದರ ಏರಿಸಲಿಕ್ಕೆ ಲೆಕ್ಕ ಕೊಡ್ತಾ ಇದ್ದೇನೆ. ಇದರಲ್ಲಿ ಎಂತ ತೊಂದರೆ ಬರಬಹುದು, ನಿಮಗೆ ಗೊತ್ತಾಗ್ತದೆ, ಹೇಳಿ." ಆಮೇಲೆ ಸುಮ್ಮನೆ ಕೇಳಿ. ಅವರು ಹೇಳಿದ್ದರಲ್ಲಿ ಒಂದಾದರೂ ಸರಿ ಇದ್ದೇ ಇರುತ್ತದೆ, ಅದನ್ನು ಸೇರಿಸಿಕೊಳ್ಳಿ. ಚೀಟಿ ಬೇಡ ಎಂದರೆ ಮಾತ್ರ ಬಗ್ಗಬೇಡಿ. ಮೊದಲಿನಂತೆ "ಅಕ್ಕ" ಎಂದೇ ಕರೆಯಿರಿ, "ನೀವು" ಎಂದೇ ಮಾತಾಡಿ. ಹುದ್ದೆ ಬಂತೆಂದು ಕರೆಯುವ ರೀತಿ ಬದಲಿಸಿದರೆ ಕೂಡಲೇ ತಿಳಿಯುತ್ತದೆ.

ಅವರ ಕೈಚಳಕಕ್ಕೆ ಕೆಲಸ ಕೊಡಿ: ಹೊಸಬರಿಗೆ ಕಲಿಸುವುದು. ಇಲ್ಲಿ ಹೆಚ್ಚಿನ ಕಾರ್ಖಾನೆಗಳು ಎಡವುತ್ತವೆ. ಕೆಜಿ ಲೆಕ್ಕದವರಿಗೆ "ಇವಳಿಗೆ ಸ್ವಲ್ಪ ಹೇಳಿಕೊಡಿ" ಎಂದರೆ ಆ ಹೊತ್ತಿನ ಕೂಲಿ ಅವರ ಕೈಯಿಂದ ಹೋಗುತ್ತದೆ, ಹಾಗಾಗಿ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ. ಕಲಿಸಿದ ಗಂಟೆಗೆ, ಅವರ ಕಳೆದ ತಿಂಗಳ ಸರಾಸರಿ ಗಂಟೆ ಕೂಲಿಯನ್ನು ಕೊಡುವಂತೆ ಮಾಡಿಸಿ. ಹೊಸಬರಿಗೆ ಮೊದಲ ದಿನಗಳಲ್ಲಿ ದೊಡ್ಡ ಬೀಜವೇ ಇರಲಿ, ಚೀಟಿಯಿಂದ ಹೊರಗಿಡಿ, ದಿನಗೂಲಿ ಕೊಡಿ. ಇದನ್ನು ಎಲ್ಲರೆದುರು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪುನಃ ಅದೇ "ಅವಳಿಗೆ ದೊಡ್ಡದು" ಶುರು.

ಪಡುಬಿದ್ರಿ_ಪಿಎಂ

ಹಿಂದಿಯವರ ವಿಷಯ. ಕಂಟ್ರಾಕ್ಟರ್ ಕಡೆಯವನ ಮೂಲಕ ಮಾತಾಡುವವರೆಗೆ ನಿಮಗೆ "ಠೀಕ್ ಹೈ" ಮಾತ್ರ ಸಿಗುತ್ತದೆ. ಅವರ ತೊಂದರೆ ಕಂಟ್ರಾಕ್ಟರ್ ಹಿಡಿದುಕೊಂಡ ದುಡ್ಡೇ ಆಗಿದ್ದರೆ ಅದನ್ನು ಅವನ ಬಾಯಲ್ಲಿ ಹೇಳಿಸುವುದು ಹೇಗೆ? ಆ ಹೆಂಗಸರಲ್ಲೇ ಹಿಂದಿ ಸರಿಯಾಗಿ ಬರುವ ಒಬ್ಬಳನ್ನು ಅವರೇ ಆರಿಸಲಿ. ಒಡಿಶಾದವರಿಗೂ ಜಾರ್ಖಂಡ್‌ನವರಿಗೂ ಮನೆಭಾಷೆ ಬೇರೆ, ಆದ್ದರಿಂದ ಇಬ್ಬರಾದರೆ ಒಳ್ಳೆಯದು.

ಗುಣಮಟ್ಟ ಹೇಳಲು ಮಾತು ಬೇಡವೇ ಬೇಡ. ಐದು ಗಾಜಿನ ಬಾಟಲಿ ತೆಗೆದುಕೊಳ್ಳಿ: ಸರಿಯಾದ ಇಡಿ ಬೀಜ, ಹೋಳು, ತುಂಡು, ಕೆರೆದು ಗೀರು ಬಿದ್ದದ್ದು, ಸಿಪ್ಪೆ ಉಳಿದದ್ದು. ಮೇಜಿನ ತಲೆಯಲ್ಲಿ ಇಡಿ, ತಿಂಗಳಿಗೊಮ್ಮೆ ಹೊಸದು ತುಂಬಿಸಿ, ಬಣ್ಣ ಬದಲಾದ ಮಾದರಿ ದಾರಿ ತಪ್ಪಿಸುತ್ತದೆ. ಯಾವುದೇ ಹೊಸ ಕ್ರಮವನ್ನು ಕನ್ನಡದಲ್ಲಿ ಮತ್ತು ಹಿಂದಿಯಲ್ಲಿ ಒಂದೇ ಹೊತ್ತಿಗೆ ಹೇಳಿಸಿ. ಊರಿನವರಿಗೆ ತುಳುವಿನಲ್ಲಿ ಮೊದಲೇ ತಿಳಿದು, ಇವರಿಗೆ ಮರುದಿನ ತಿಳಿದರೆ ಒಳಗೊಳಗೇ ಏನೋ ನಡೆದಿದೆ ಎಂದು ಅನಿಸುವುದು ಸಹಜ.

ರಜೆಗೂ ಒಂದು ಗೋಡೆ ಕ್ಯಾಲೆಂಡರ್ ಇಡಿ. ಊರಿನವರಿಗೆ ಜೂನ್-ಜುಲೈಯ ನಾಟಿ, ಅಷ್ಟಮಿ, ಚೌತಿ, ಬೇಸಿಗೆಯ ಮದುವೆ ಮತ್ತು ದೈವಗಳ ನೇಮಗಳು. ಒಡಿಶಾದವರಿಗೆ ಜೂನ್ ಮಧ್ಯದಲ್ಲಿ ರಜೋ ಹಬ್ಬ, ಜಾರ್ಖಂಡ್‌ನವರಿಗೆ ಮಳೆಗಾಲದ ಕೊನೆಗೆ ಕರಮ ಪೂಜೆ. ಜೂನ್‌ನಲ್ಲಿ ನಾಟಿಯೂ ರಜೋ ಹಬ್ಬವೂ ಒಟ್ಟಿಗೆ ಬರುತ್ತವೆ, ಆ ವಾರಕ್ಕೆ ಲಾಟ್ ಕಡಿಮೆ ಬೇಯಿಸುವಂತೆ ಮೇ ತಿಂಗಳಲ್ಲೇ ಹೇಳಿಡಿ. ಇಲ್ಲದಿದ್ದರೆ ಒಣಗಿಸಿದ ಬೀಜ ಕೈಗಳಿಲ್ಲದೆ ಉಳಿದು, ತೇವ ಹೀರಿ, ಉಳಿದವರ ಮೇಲೆ ಬೀಳುತ್ತದೆ.

ಬೋರ್ಮಾ_ಬಾಗಿಲು

ಲಾಟ್ ಪುಸ್ತಕದ ಲೆಕ್ಕವನ್ನು ಹಾಲಿನ ಬೋರ್ಡಿನಲ್ಲಿ ಹಾಕುವುದಾದರೆ ಲಾಟ್ ನಂಬರ್, ಬರುವಾಗಿನ ತುಂಡು, ಹೋಗುವಾಗಿನ ತುಂಡು, ಇಷ್ಟೇ ಬರೆಯಿರಿ. ಯಾರ ಹೆಸರೂ ಬೇಡ. ಹೆಸರು ಹಾಕಿದರೆ ತುಂಡನ್ನು ಅಡಗಿಸುತ್ತಾರೆ, ಸಿಪ್ಪೆಯ ಚೀಲದಲ್ಲಿ ಬೀಜದ ಹೋಳು ಸಿಗಲು ಶುರುವಾಗುತ್ತದೆ. ಒಬ್ಬರದ್ದು ಮಾತ್ರ ದಿನಾ ಜಾಸ್ತಿ ಬರುತ್ತಿದ್ದರೆ ಮೊದಲು ಅವರ ಕತ್ತಿಯ ಬಾಯಿ ಮತ್ತು ಕೂತ ಜಾಗದ ಬೆಳಕು ನೋಡಿ, ಆಮೇಲೆ ಕಣ್ಣಿನ ಪರೀಕ್ಷೆಗೆ ಕಳಿಸಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣದಿದ್ದರೆ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಲು ಹೇಳಬಹುದು. ಸಿಪ್ಪೆಯ ಗೆರೆ ಕಾಣದೆ ಬೆರಳಿನ ಅಂದಾಜಿನಲ್ಲಿ ಒತ್ತುವವರೇ ಬೀಜ ಜಾಸ್ತಿ ಒಡೆಯುವುದು.